ಕೆನರಾದಿಂದ ಉತ್ತರ ಕನ್ನಡಕ್ಕೆ: ಏಕೀಕರಣದ ದಿನಾಂಕಗಳನ್ನು ಕುರಿತ ಒಂದು ಟಿಪ್ಪಣಿ

1. ವ್ಯಾಪ್ತಿ

'ಏಕೀಕರಣ' ಎಂಬ ಪದವನ್ನು ಕನ್ನಡದಲ್ಲಿ 1956ರ ರಾಜ್ಯರಚನೆಗೂ ಎರಡನೆಯ ಮಹಾಯುದ್ಧಾನಂತರದ ಯುರೋಪಿನ ಒಗ್ಗೂಡುವಿಕೆಗೂ ಬಳಸುವುದುಂಟು. ಎರಡೂ ಬಹುಮಟ್ಟಿಗೆ ಸಮಕಾಲೀನ. ಯಲ್ಲಾಪುರ ತಾಲ್ಲೂಕಿನ ವಜ್ರಳ್ಳಿಯಂಥ ಅಡಿಕೆ ಸೀಮೆಯ ಊರಿನ ಮಟ್ಟಿಗೆ ಏಕೀಕರಣವನ್ನು ಯಾವ ದಿನಾಂಕದಿಂದ ಎಣಿಸಬೇಕು ಎಂಬ ಸೀಮಿತ ಪ್ರಶ್ನೆಯಷ್ಟೇ ಇಲ್ಲಿಯ ವಿಷಯ.

2. ಹೆಸರಿನ ತೊಡಕು

ಮದ್ರಾಸ್ ಆಡಳಿತದಲ್ಲಿದ್ದ ಕೆನರಾ ಜಿಲ್ಲೆ ಉತ್ತರ–ದಕ್ಷಿಣವಾಗಿ ಒಡೆದ ವರ್ಷವನ್ನು ಕೆಲವೆಡೆ 1859, ಕೆಲವೆಡೆ 1860 ಎಂದು ಕೊಟ್ಟಿರುವುದು ಕಂಡುಬರುತ್ತದೆ. ಉತ್ತರ ಭಾಗ 1862ರಲ್ಲಿ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. ಕುಂದಾಪುರ ತಾಲ್ಲೂಕು ಮದ್ರಾಸಿನಲ್ಲೇ ಉಳಿಯಿತು. 1883ರ ಬೊಂಬಾಯಿ ಗ್ಯಾಸೆಟಿಯರಿನ 15ನೆಯ ಸಂಪುಟದ ಶೀರ್ಷಿಕೆ 'ಕೆನರಾ' ಎಂದಷ್ಟೇ ಇದೆ. ಆದ್ದರಿಂದ ವಿಭಜನೆಗೆ ಹಿಂದಿನ ಮದ್ರಾಸ್ ಕಡತದ 'ಕೆನರಾ'ವನ್ನೂ 1862ರ ನಂತರದ ಬೊಂಬಾಯಿ ಕಡತದ 'ಕೆನರಾ'ವನ್ನೂ ಒಂದೇ ಪ್ರದೇಶವೆಂದು ಗ್ರಹಿಸಲಾಗದು.

3. ಗಡಿಯ ದಿನಾಂಕ

ರಾಜ್ಯ ಪುನರ್ವಿಂಗಡಣಾ ಆಯೋಗ ವರದಿ ಸಲ್ಲಿಸಿದ್ದು 30 ಸೆಪ್ಟೆಂಬರ್ 1955. ಕಾಯ್ದೆಗೆ ಅಂಕಿತ ಬಿದ್ದದ್ದು 31 ಆಗಸ್ಟ್ 1956. ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1 ನವೆಂಬರ್ 1956. ಗಡಿಯ ಮಟ್ಟಿಗೆ ಈ ಮೂರನೆಯ ದಿನಾಂಕವೇ ನಿರ್ಣಾಯಕ.

4. ಕಾನೂನಿನ ದಿನಾಂಕ

ಅದೇ ಕಾಯ್ದೆಯ 119ನೆಯ ಕಲಮು, ಬದಲಾವಣೆ ಆಗುವವರೆಗೆ ಹಳೆಯ ಕಾನೂನುಗಳನ್ನು ಆಯಾ ಪ್ರದೇಶದಲ್ಲಿ ಮುಂದುವರಿಸಿತು. ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ 1923ರಲ್ಲಿ, ಅಂದರೆ ಬೊಂಬಾಯಿ ಸಹಕಾರ ಸಂಘಗಳ ಕಾಯ್ದೆಗಿಂತ (1925) ಎರಡು ವರ್ಷ ಮೊದಲು ಸ್ಥಾಪನೆಯಾದದ್ದು. 1956ರ ನಂತರವೂ ಈ ಭಾಗದ ಸಹಕಾರ ಸಂಘಗಳಿಗೆ ಆ ಬೊಂಬಾಯಿ ಕಾಯ್ದೆಯೇ ಅನ್ವಯವಾಗುತ್ತಿತ್ತು. ರಾಜ್ಯಕ್ಕೆಲ್ಲ ಒಂದೇ ಆದ 1959ರ ಕಾಯ್ದೆ ಜಾರಿಯಾದದ್ದು 1 ಜೂನ್ 1960ರಂದು. ಭೂಕಂದಾಯದಲ್ಲಿ 1879ರ ಬೊಂಬಾಯಿ ಸಂಹಿತೆಯ ಸ್ಥಾನಕ್ಕೆ ಏಕರೂಪದ ಕಾಯ್ದೆ ಬಂದದ್ದು 1 ಏಪ್ರಿಲ್ 1964ರಂದು.

5. ಯುರೋಪಿನೊಡನೆ ಹೋಲಿಕೆ, ಮಿತಿ

ಶೂಮನ್ ಘೋಷಣೆ 9 ಮೇ 1950ರದು. ಆರು ದೇಶಗಳ ಕಲ್ಲಿದ್ದಲು–ಉಕ್ಕು ಸಮುದಾಯದ ಒಪ್ಪಂದಕ್ಕೆ ಸಹಿಯಾದದ್ದು 18 ಏಪ್ರಿಲ್ 1951. ಜಾರಿ 23 ಜುಲೈ 1952. ರೋಮ್ ಒಪ್ಪಂದಗಳಿಗೆ ಸಹಿ 25 ಮಾರ್ಚ್ 1957. ಜಾರಿ 1 ಜನವರಿ 1958. ಸುಂಕ ಒಕ್ಕೂಟ ಪೂರ್ಣಗೊಂಡದ್ದು 1 ಜುಲೈ 1968. ಅಲ್ಲಿಯೂ ಸಹಿ, ಜಾರಿ, ಏಕರೂಪತೆ ಬೇರೆ ಬೇರೆ ದಿನಾಂಕಗಳವು.

ಹೋಲಿಕೆ ಇಲ್ಲಿಗೆ ನಿಲ್ಲಬೇಕು. ಯುರೋಪಿನಲ್ಲಿ ಸಾರ್ವಭೌಮ ದೇಶಗಳು ಒಪ್ಪಂದದ ಮೂಲಕ ಕೂಡಿದವು. ಇಲ್ಲಿ ಸಂಸತ್ತಿನ ಕಾಯ್ದೆ ರಾಜ್ಯಗಳ ಗಡಿಯನ್ನು ಬದಲಿಸಿತು. ಕಲ್ಲಿದ್ದಲು–ಉಕ್ಕಿನ ಒಪ್ಪಂದವನ್ನು ರಾಜಕೀಯ ಒಕ್ಕೂಟದ ಮೊದಲ ಮೆಟ್ಟಿಲೆಂದು ಶೂಮನ್ ಘೋಷಣೆಯೇ ಭಾವಿಸಿತ್ತು. 1923ರ ಅಡಿಕೆ ಸಹಕಾರವನ್ನು ರಾಜ್ಯ ಏಕೀಕರಣದ ಅಂಥ ಮೆಟ್ಟಿಲೆಂದು ಕಾಲಾನುಕ್ರಮವೊಂದರಿಂದಲೇ ಹೇಳುವುದು ಸಮರ್ಥನೀಯವಲ್ಲ.

6. ತಾತ್ಕಾಲಿಕ ನಿರ್ಣಯ

ಯಲ್ಲಾಪುರ ಸೀಮೆಯ ಏಕೀಕರಣಕ್ಕೆ ಒಂದೇ ದಿನಾಂಕವನ್ನು ಕೊಡುವುದಕ್ಕಿಂತ 1956, 1960, 1964 ಎಂಬ ಮೂರು ಹಂತಗಳನ್ನು ಗುರುತಿಸುವುದು ಹೆಚ್ಚು ನಿಖರವೆಂದು ತೋರುತ್ತದೆ. ಇನ್ನಿತರ ಕಾನೂನುಗಳನ್ನು ಪರಿಶೀಲಿಸಿದರೆ ಹಂತಗಳು ಹೆಚ್ಚಬಹುದು. ಪ್ರಾಯೋಗಿಕವಾಗಿ, ವಜ್ರಳ್ಳಿಯ 1958ರ ಕಂದಾಯ ಕಾಗದವೊಂದನ್ನು ಮೈಸೂರು ರಾಜ್ಯದ ದಾಖಲೆಯೆಂದು ವರ್ಗೀಕರಿಸಿದರೂ ಅದರ ಪರಿಭಾಷೆಯನ್ನು ಬೊಂಬಾಯಿ ಸಂಹಿತೆಯ ಪ್ರಕಾರವೇ ಅರ್ಥೈಸಬೇಕಾಗುತ್ತದೆ.