ಮುಂಬಯಿಯ ಸಾರ್ವಜನಿಕ ಸಾರಿಗೆ: ಪ್ರಯಾಣಿಕರ ಸಂಖ್ಯೆ ಏರಿಳಿಯುವುದೇಕೆ?

ಮಹಾನಗರವೊಂದರ ನಾಡಿಮಿಡಿತವನ್ನು ಅರಿಯಬೇಕಾದರೆ ಅಲ್ಲಿನ ರೈಲು ಮತ್ತು ಬಸ್ಸುಗಳ ಪ್ರಯಾಣಿಕರ ಲೆಕ್ಕವನ್ನು ನೋಡಬೇಕು. ಉದ್ಯೋಗ, ವಸತಿ, ವಿದ್ಯಾಭ್ಯಾಸ, ಕುಟುಂಬದ ಆದಾಯ ಇವೆಲ್ಲವುಗಳ ಏರುಪೇರು ಆ ಲೆಕ್ಕದಲ್ಲಿ ಪ್ರತಿಫಲಿಸುತ್ತದೆ. ದಿನನಿತ್ಯ ಲೋಕಲ್ ರೈಲನ್ನೂ ಬೆಸ್ಟ್ ಬಸ್ಸನ್ನೂ ನಂಬಿ ಬದುಕಿದ ಮುಂಬಯಿ ಕನ್ನಡಿಗರಿಗೆ ಈ ವಿಷಯ ತೀರಾ ಹತ್ತಿರದ್ದು.

ಮೊದಲಿಗೆ ಒಂದು ಸ್ಪಷ್ಟನೆ ಅಗತ್ಯ. ಸಾರಿಗೆ ಸಂಸ್ಥೆಗಳು ನೀಡುವ ಅಂಕಿಗಳು ಜನರ ತಲೆಯೆಣಿಕೆಯಲ್ಲ, ಪ್ರಯಾಣಗಳ ಎಣಿಕೆ. ಡೊಂಬಿವಲಿಯಿಂದ ದಾದರಿಗೆ ರೈಲಿನಲ್ಲಿ ಬಂದು, ಅಲ್ಲಿಂದ ಪ್ರಭಾದೇವಿಗೆ ಬಸ್ಸಿನಲ್ಲಿ ಹೋಗಿ, ಸಂಜೆ ಅದೇ ದಾರಿಯಲ್ಲಿ ಮರಳುವ ಒಬ್ಬರೇ ವ್ಯಕ್ತಿಯಿಂದ ನಾಲ್ಕು ಪ್ರಯಾಣಗಳು ದಾಖಲಾಗುತ್ತವೆ. ಪಾಸು ಹೊಂದಿದವರು ತಿಂಗಳಿಗೆ ಇಂತಿಷ್ಟು ಬಾರಿ ಪ್ರಯಾಣಿಸುತ್ತಾರೆಂದು ರೈಲ್ವೆ ಇಲಾಖೆ ಅಂದಾಜು ಮಾಡುತ್ತದೆ. ಆದುದರಿಂದ ಒಂದು ದಿನದ ಅಂಕಿಗಿಂತ ಹಲವು ವರ್ಷಗಳ ಒಲವನ್ನು ಗಮನಿಸುವುದು ಸೂಕ್ತ.

ನಗರದ ಆಕಾರ

ಪ್ರಯಾಣಿಕರ ಸಂಖ್ಯೆಯನ್ನು ನಿರ್ಧರಿಸುವ ಮೊದಲ ಅಂಶ ಮನೆಗೂ ದುಡಿಮೆಗೂ ಇರುವ ಅಂತರ. 1853ರಲ್ಲಿ ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಓಡಿತು. 1925ರಲ್ಲಿ ಇಲ್ಲಿ ವಿದ್ಯುತ್ ರೈಲು ಆರಂಭವಾಯಿತು. ಆದರೂ ಲಾಲ್‌ಬಾಗ್, ಪರೇಲ್ ಪರಿಸರದ ಗಿರಣಿ ಕಾರ್ಮಿಕರಲ್ಲಿ ಬಹುಮಂದಿ ದೀರ್ಘಕಾಲ ಗಿರಣಿಯ ಬಳಿಯ ಚಾಳುಗಳಲ್ಲೇ ನೆಲೆಸಿ, ನಡೆದೇ ಕೆಲಸಕ್ಕೆ ಹೋಗುತ್ತಿದ್ದರು. 1982ರ ಮಹಾಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ನೆಲದಲ್ಲಿ ಕಛೇರಿಗಳು ತಲೆಯೆತ್ತಿದವು. ಅಲ್ಲಿ ದುಡಿಯುವವರು ದೂರದ ಉಪನಗರಗಳಿಂದ ಬರತೊಡಗಿದರು. ಮಾಟುಂಗಾ, ಫೋರ್ಟ್ ಪರಿಸರದಲ್ಲಿ ಕಾಲೂರಿದ ನಮ್ಮ ಹಿರಿಯರ ಮಕ್ಕಳು ಥಾಣೆ, ಡೊಂಬಿವಲಿ, ಮೀರಾರೋಡುಗಳಲ್ಲಿ ಮನೆ ಮಾಡಿದ್ದೂ ಇದೇ ಪ್ರವಾಹದ ಒಂದು ಅಂಗ. ಮನೆ ದೂರವಾದಂತೆ ರೈಲು ಅನಿವಾರ್ಯವಾಯಿತು. 2020ಕ್ಕೆ ಮುಂಚೆ ಉಪನಗರ ರೈಲುಗಳಲ್ಲಿ ದಿನವೊಂದಕ್ಕೆ ಸುಮಾರು 75 ಲಕ್ಷಕ್ಕೂ ಮಿಕ್ಕಿ ಪ್ರಯಾಣಗಳು ನಡೆಯುತ್ತಿದ್ದವು.

ದರದ ಪ್ರಭಾವ

ದೂರ ಪ್ರಯಾಣಕ್ಕೆ ರೈಲಿನ ಹೊರತು ಬೇರೆ ಅಗ್ಗದ ದಾರಿಯಿಲ್ಲ. ಬಸ್ಸಿನ ಕಥೆ ಬೇರೆ. ಎರಡು ಕಿಲೋಮೀಟರಿನ ಪ್ರಯಾಣಕ್ಕೆ ಬದಲಿ ದಾರಿಗಳು ಹಲವು: ನಡೆಯಬಹುದು, ಶೇರ್ ರಿಕ್ಷಾ ಹಿಡಿಯಬಹುದು. ಆದ್ದರಿಂದ ದರದ ಬಿಸಿ ಬಸ್ಸಿಗೆ ಬೇಗ ತಟ್ಟುತ್ತದೆ. 2015ರಲ್ಲಿ ಬೆಸ್ಟ್ ತನ್ನ ಕನಿಷ್ಠ ದರವನ್ನು ಎರಡು ಬಾರಿ ಏರಿಸಿ 8 ರೂಪಾಯಿಗೆ ತಂದಿತು. ಒಂದು ಕಾಲಕ್ಕೆ 40 ಲಕ್ಷವನ್ನು ಮೀರಿದ್ದ ದೈನಂದಿನ ಪ್ರಯಾಣಿಕರ ಸಂಖ್ಯೆ ಕುಸಿಯುತ್ತಾ 2019ರ ಮಧ್ಯಭಾಗದಲ್ಲಿ 20 ಲಕ್ಷಕ್ಕಿಂತ ಕೆಳಗಿಳಿದಿತ್ತು. ಆ ವರ್ಷದ ಜುಲೈಯಲ್ಲಿ ಕನಿಷ್ಠ ದರವನ್ನು 5 ರೂಪಾಯಿಗೆ ಇಳಿಸಿದಾಗ, ಕೆಲವೇ ತಿಂಗಳುಗಳಲ್ಲಿ ಅದು 30 ಲಕ್ಷದ ಆಸುಪಾಸಿಗೆ ಏರಿತು. 2025ರ ಮೇ ತಿಂಗಳಲ್ಲಿ ಕನಿಷ್ಠ ದರ 10 ರೂಪಾಯಿಯಾದ ಬಳಿಕ ಮತ್ತೆ ಇಳಿಕೆ ಕಂಡಿತು. ಹವಾನಿಯಂತ್ರಿತ ಲೋಕಲ್ ರೈಲಿಗೂ 2022ರ ಮೇಯಲ್ಲಿ ಬಿಡಿ ಟಿಕೆಟಿನ ದರವನ್ನು ಅರ್ಧದಷ್ಟು ತಗ್ಗಿಸಿದ ಮೇಲೆಯೇ ಜನ ಒಲಿದದ್ದು.

ಕಾಯುವ ಸಮಯ

ದರಕ್ಕಿಂತಲೂ ಗಾಢವಾದ ಕಾರಣ ಇನ್ನೊಂದಿದೆ, ಅದು ಕಾಯುವಿಕೆ. ಬೆಸ್ಟ್ ಬಳಿ 2010ರ ಸುಮಾರಿಗೆ 4,000ಕ್ಕೂ ಹೆಚ್ಚು ಬಸ್ಸುಗಳಿದ್ದವು. 2025ರ ಹೊತ್ತಿಗೆ ಗುತ್ತಿಗೆಯ ಬಸ್ಸುಗಳನ್ನು ಸೇರಿಸಿದರೂ 3,000 ತುಂಬುತ್ತಿರಲಿಲ್ಲ. ಹಿಂದೆ ವಿದ್ಯುತ್ ವಿಭಾಗದ ಆದಾಯದಿಂದ ಬಸ್ಸಿನ ನಷ್ಟವನ್ನು ತುಂಬಿಕೊಳ್ಳುತ್ತಿದ್ದ ವ್ಯವಸ್ಥೆ 2010ರ ದಶಕದಲ್ಲಿ ಕೈತಪ್ಪಿದ್ದು ಸಂಸ್ಥೆಗೆ ದೊಡ್ಡ ಪೆಟ್ಟಾಯಿತು. ಬಸ್ಸು ಕಡಿಮೆಯಾದರೆ ಕಾಯುವ ಸಮಯ ಹೆಚ್ಚುತ್ತದೆ, ಬೇಸತ್ತ ಪ್ರಯಾಣಿಕ ದ್ವಿಚಕ್ರ ವಾಹನ ಕೊಳ್ಳುತ್ತಾನೆ, ರಸ್ತೆಯ ದಟ್ಟಣೆ ಏರಿ ಉಳಿದ ಬಸ್ಸುಗಳೂ ನಿಧಾನವಾಗುತ್ತವೆ, ಆದಾಯ ಇಳಿಯುತ್ತದೆ, ಮತ್ತಷ್ಟು ಬಸ್ಸುಗಳು ಕಡಿತಗೊಳ್ಳುತ್ತವೆ. ಈ ವಿಷವರ್ತುಲವನ್ನು ಪ್ರವೇಶಿಸುವುದು ಸುಲಭ, ಹೊರಬರುವುದು ಕಷ್ಟ.

ಮೆಟ್ರೋ ಮತ್ತು ಮಹಾಮಾರಿ

2014ರ ಜೂನಿನಲ್ಲಿ ವರ್ಸೋವಾ-ಘಾಟ್ಕೋಪರ್ ಮೆಟ್ರೋ ಆರಂಭವಾದಾಗ ಪೂರ್ವ-ಪಶ್ಚಿಮ ಉಪನಗರಗಳ ನಡುವಿನ ಬಸ್ ಪ್ರಯಾಣಿಕರಲ್ಲಿ ಹಲವರು ಅದರತ್ತ ವಾಲಿದರು. ಆರೆಯಿಂದ ಕಫ್ ಪರೇಡ್‌ವರೆಗಿನ ಭೂಗತ ಮಾರ್ಗ 2025ರ ಅಕ್ಟೋಬರಿನಲ್ಲಿ ಪೂರ್ಣಗೊಂಡಿತು. ಆದರೆ ಮೆಟ್ರೋ ನಿಲ್ದಾಣದಿಂದ ಮನೆ ಬಾಗಿಲಿಗೆ ತಲುಪಿಸಲು ಬಸ್ಸೇ ಬೇಕು. ಎರಡನ್ನೂ ಪ್ರತಿಸ್ಪರ್ಧಿಗಳೆಂದು ಕಾಣದೆ ಒಂದೇ ಸರಪಣಿಯ ಕೊಂಡಿಗಳೆಂದು ಕಂಡಾಗ ಎರಡಕ್ಕೂ ಪ್ರಯಾಣಿಕರು ದೊರೆಯುತ್ತಾರೆ.

ಕೆಲವೊಮ್ಮೆ ಕಾರಣ ಸಾರಿಗೆಯಿಂದಾಚೆಗೂ ಇರುತ್ತದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ನಿಮಿತ್ತ ಲೋಕಲ್ ರೈಲುಗಳು ಸಂಪೂರ್ಣ ನಿಂತವು. ಜೂನಿನಲ್ಲಿ ಅವಶ್ಯಕ ಸೇವೆಯವರಿಗೆ ಮಾತ್ರ ತೆರೆದವು. 2021ರ ಆಗಸ್ಟಿನಲ್ಲಿ ಎರಡೂ ಲಸಿಕೆ ಪಡೆದವರಿಗೆ ಪ್ರವೇಶ ದೊರೆಯಿತು. ಮನೆಯಿಂದಲೇ ಕೆಲಸ ಮಾಡುವ ಅಭ್ಯಾಸ ಕೆಲವು ವರ್ಗಗಳಲ್ಲಿ ಉಳಿದುಕೊಂಡಿತು. ಕಾರ್ಖಾನೆಯ, ಹೋಟೆಲಿನ, ಆಸ್ಪತ್ರೆಯ ನೌಕರರಿಗೆ ಅಂಥ ಆಯ್ಕೆ ಇರಲಿಲ್ಲ.

ಏರಿಕೆಯೆಲ್ಲವೂ ಶುಭವಲ್ಲ

ಸಂಖ್ಯೆ ಏರಿದೊಡನೆ ಸೇವೆ ಉತ್ತಮಗೊಂಡಿತೆಂದು ಭಾವಿಸಲಾಗದು. 2025ರ ಜೂನ್ 9ರಂದು ಮುಂಬ್ರಾ ಬಳಿ ಕಿಕ್ಕಿರಿದ ಲೋಕಲ್ ರೈಲುಗಳಿಂದ ಪ್ರಯಾಣಿಕರು ಉರುಳಿಬಿದ್ದು ಪ್ರಾಣ ಕಳೆದುಕೊಂಡ ದುರಂತ ಇದಕ್ಕೆ ಸಾಕ್ಷಿ. ಬಾಗಿಲಲ್ಲಿ ಜೋತಾಡುವವನೂ ಲೆಕ್ಕದಲ್ಲಿ ಒಬ್ಬ ಪ್ರಯಾಣಿಕನೇ. ಆತನಿಗೆ ಬೇರೆ ದಾರಿಯಿಲ್ಲವೆಂಬುದನ್ನು ಆ ಅಂಕಿ ಹೇಳುವುದಿಲ್ಲ.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಪ್ರಯಾಣಿಕನೂ ಒಬ್ಬ ಠೇವಣಿದಾರ. ಆತ ಇಡುವ ಠೇವಣಿ ತನ್ನ ಸಮಯ. ಹೇಳಿದ ಹೊತ್ತಿಗೆ ವಾಹನ ಬರುತ್ತದೆಂಬ ಭರವಸೆ ಇರುವ ತನಕ ಆತ ಖಾತೆ ಮುಚ್ಚುವುದಿಲ್ಲ. ಒಮ್ಮೆ ಮುಚ್ಚಿ ಸ್ವಂತ ವಾಹನ ಕೊಂಡವನನ್ನು ಮರಳಿ ಕರೆತರುವುದು ದುಸ್ಸಾಧ್ಯ. ಅನುಕೂಲಸ್ಥರು ಬಿಟ್ಟುಹೋದ ಬಸ್ಸಿಗಾಗಿ ನಿಲ್ದಾಣದಲ್ಲಿ ಕಾಯುತ್ತ ಉಳಿಯುವವರು ಶಾಲಾ ಮಕ್ಕಳು, ಮನೆಗೆಲಸದ ಹೆಂಗಸರು ಮತ್ತು ವೃದ್ಧರು. ನಮ್ಮಂಥ ನೆಲೆಗೊಂಡ ಕುಟುಂಬಗಳು ತಮ್ಮ ಬಡಾವಣೆಯ ಬಸ್ ಮಾರ್ಗ ಕಡಿತಗೊಂಡಾಗ ನಗರಸೇವಕರಿಗೂ ಸಂಸ್ಥೆಗೂ ಲಿಖಿತವಾಗಿ ಆಕ್ಷೇಪ ಸಲ್ಲಿಸುವುದು, ಸಾಧ್ಯವಾದಾಗಲೆಲ್ಲ ಬಸ್ಸನ್ನೇ ಬಳಸುವುದು, ಅವರಿಗಾಗಿಯಾದರೂ ಅಗತ್ಯ.