ಹುಲ್ಲು ಕೊಯ್ಯೋ ಮಷಿನ್ನಿನ ಹಿಂದಿನ ಕಥಿ: ದಾರ ಹಾಕಬೇಕೋ, ಬ್ಲೇಡ್ ಹಾಕಬೇಕೋ?



ಬ್ರಷ್ ಕಟರ್ ಹೆಗಲಿಗೆ ಹಾಕ್ಕೊಂಡು ಬಾಡಿಗಿಗೆ ಹುಲ್ಲು ಕೊಯ್ಯೋ ಉದ್ಯೋಗ ಮಾಡಬೇಕಂತ ನಮ್ಮ ಕಡೆ ಹುಡುಗರು ಕೇಳಾಕ ಹತ್ಯಾರ. ಲೇಔಟ್, ಶಾಲಿ ಮೈದಾನ, ಆನೆಗೊಂದಿ ಕಡೆಯ ವಸತಿಗೃಹಗಳ ಹುಲ್ಲುಹಾಸು, ದಾಳಿಂಬ್ರಿ ತೋಟ, ಗದ್ದಿ ಒಡ್ಡು, ಎಲ್ಲಾ ಕಡೆ ಕೆಲಸ ಐತಿ. ಅವರು ಕಂಪನಿ ಹೆಸರು ಕೇಳ್ತಾರ, ಸಿಸಿ ಕೇಳ್ತಾರ, ರೇಟು ಕೇಳ್ತಾರ. ನಾನು ತಿರುಗಿ ಕೇಳೋದು ಒಂದ: ಕೊಯ್ದ ಹುಲ್ಲು ಎಲ್ಲಿಗೆ ಹೋಗತೈತಿ? ದನದ ಬಾಯಿಗೋ, ತಿಪ್ಪಿಗೋ?

ಹುಲ್ಲು ಕೊಯ್ಯೋ ಒಂದೊಂದು ಸಾಮಾನೂ ಒಂದೊಂದು ನೆಲದಾಗ, ಒಂದೊಂದು ಕೆಲಸಕ್ಕ ಹುಟ್ಟಿದ್ದು. ಆ ಹುಟ್ಟು ಗೊತ್ತಿದ್ರ ಅಂಗಡಿಯಲ್ಲಿ ಮೋಸ ಹೋಗೋದು ಕಡಿಮಿ. ಅದಕ್ಕ ಇವತ್ತು ಸ್ವಲ್ಪ ಹಳೇ ಕಥಿ ಬರೀತೀನಿ.

ಮೊದಲು ನಮ್ಮದು. ನಮ್ಮಲ್ಲಿ ಇದ್ದದ್ದು ಮೂರು ಸಾಮಾನು. ಕಸ ಬೇರು ಸಮೇತ ತೆಗೆಯಾಕ ಕುರ್ಚಿಗಿ, ಸಾಲಿನ ನಡುವೆ ಹರಗಾಕ ಎಡಿಕುಂಟಿ, ಮೇವು ಕೊಯ್ಯಾಕ ಕುಡಗೋಲು. ಯಲಬುರ್ಗಾದ ಎರಿ ಹೊಲದಾಗ ಎಡಿಕುಂಟಿ ಹೊಡೆದ್ರ ಕಸ ಹೋಗೋದಷ್ಟೇ ಅಲ್ಲ, ನೆಲದ ಬಿರುಕು ಮುಚ್ಚತಾವ, ತೇವ ಉಳೀತೈತಿ. ಕುಷ್ಟಗಿಯ ಮಸಾರಿ ಹೊಲದಾಗ ಸಜ್ಜಿ ಸಾಲಿಗೂ ಅದೇ ಮಾತು. ಬ್ರಷ್ ಕಟರ್ ಈ ಕೆಲಸಕ್ಕ ಬಂದದ್ದಲ್ಲ. ಅದು ಕಸದ ತಲಿ ಬೋಳಿಸತೈತಿ, ಬೇರು ಮುಟ್ಟೂದಿಲ್ಲ. ಕರಕಿ ಬೇರಿನಿಂದ, ಜೇಕು ಗಡ್ಡಿಯಿಂದ ಮತ್ತ ಏಳತಾವ. ಬೆಳಿ ನಡುವಿನ ಕಸಕ್ಕಂತ ಈ ಮಷಿನ್ ತಗೊಂಡವರಿಗೆ ಮತ್ತ ಕುಂಟಿ ಹೊಡೆಯೋದು ತಪ್ಪೂದಿಲ್ಲ.

ಇನ್ನ ಕುಡಗೋಲು. ಇದರ ವಿಚಾರ ಬ್ಯಾರೆ. ನಮ್ಮ ಹಿರಿಯರ ಕಾಲದಾಗ ಬದುವಿನ ಹುಲ್ಲಿಗೆ ಯಾರೂ ಕಸ ಅಂತಿರಲಿಲ್ಲ, ಮೇವು ಅಂತಿದ್ರು. ಎತ್ತು, ಎಮ್ಮಿ, ಆಕಳು ಇದ್ದ ಮನಿಗೆ ಒಂದು ಹೊರಿ ಹುಲ್ಲು ಅಂದ್ರ ಅದಕ್ಕೊಂದು ಬೆಲೆ. ನಮ್ಮ ಕನ್ನಡ ನಾಡಿನ ಮೊದಮೊದಲ ಕೃಷಿ ಯಂತ್ರಗಳ ಕಥಿ ನೋಡಿದ್ರೂ ಇದ ಕಾಣತೈತಿ. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಮೊದಲು ತಯಾರು ಮಾಡಿದ್ದು ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲು. 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ್ದು ಆಮೇಲಿನ ಮಾತು. ಅಂದ್ರ ನಮ್ಮ ಸೀಮಿಗೆ ಮೊದಲು ಬಂದ ಹುಲ್ಲಿನ ಯಂತ್ರ ದನಕ್ಕ ತಿನ್ನಸಾಕ ಬಂದದ್ದು, ಎಸೆಯಾಕ ಅಲ್ಲ.

ಎಸೆಯೋ ಹುಲ್ಲು ನಮಗ ಯಾವಾಗ ಬಂತು? ನನ್ನ ಲೆಕ್ಕದಾಗ ನೀರಾವರಿ ಬಂದ ಮ್ಯಾಲೆ, ನಿಧಾನಕ್ಕ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾತು. ಆಗ ನಮ್ಮ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಾಗಿತ್ತು. ಹೈದರಾಬಾದ್ ಮತ್ತು ಮದ್ರಾಸ್ ಎರಡೂ ಕೂಡಿ ಕಟ್ಟಿದ ಅಣೆಕಟ್ಟು ಅದು. 1953ರಲ್ಲಿ ಎಡದಂಡಿ ಕಾಲುವಿಗೆ ನೀರು ಬಂತು. ಆನೆಗೊಂದಿ ಹತ್ತಿರ ವಿಜಯನಗರ ಕಾಲದ ಕಾಲುವಿಗಳು ಮೊದಲಿನಿಂದ ಇದ್ದರೂ, ಗಂಗಾವತಿ ತುಂಬ ಭತ್ತ ಆಗಿದ್ದು ಈ ನೀರಿನಿಂದ. ಒಣ ಬದು ಹೋಗಿ ಹಸಿ ಒಡ್ಡು ಬಂತು, ಒಡ್ಡಿನ ಹುಲ್ಲು ಬ್ಯಾಸಗಿಯಲ್ಲೂ ಹಸಿರಾತು.

ಅದ 1953ರಲ್ಲಿ ಭಾರತ ಸರ್ಕಾರ ಜಪಾನಿ ಮಾದರಿ ಭತ್ತದ ಬೇಸಾಯ ಅಂತ ಪ್ರಚಾರ ಶುರು ಮಾಡಿತು. ಸಾಲು ಹಿಡಿದು ನಾಟಿ ಮಾಡೋದು, ಸಾಲಿನ ನಡುವೆ ಹಲ್ಲಿನ ಚಕ್ರದ ಕಳೆ ಯಂತ್ರ ತಳ್ಳೋದು. ಈಗ ಕೋನೋ ವೀಡರ್ ಅಂತೀವಲ್ಲ, ಅದರ ಹಿರಿಯ. ಆದ್ರ ನಮ್ಮ ಗದ್ದಿಯ ಬಹುಪಾಲು ಸೆದಿ ಹೆಣ್ಣುಮಕ್ಕಳ ಕೈಯಿಂದನ ಹೋದದ್ದು. ಆಮ್ಯಾಲೆ ಕಳೆನಾಶಕ ಬಂತು, ಟ್ರ್ಯಾಕ್ಟರ್ ಬಂತು, ಕೊಯ್ಯೋ ಮಷಿನ್ ಬಂತು. ಎತ್ತು ಕಡಿಮಿ ಆದವು. ಎತ್ತು ಕಡಿಮಿ ಆದ ಹೊಲದಾಗ ಒಡ್ಡಿನ ಮೇವು ಒಡ್ಡಿನ ಕಸ ಆತು. ಒಡ್ಡಿಗೆ ಗ್ಲೈಫೋಸೇಟ್ ಹೊಡೆಯೋ ರೂಢಿ ಬಿತ್ತು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದನ್ನ ಪರವಾನಗಿ ಇದ್ದ ಕೀಟನಿಯಂತ್ರಣ ಕೆಲಸದವರು ಮಾತ್ರ ಹೊಡೀಬೇಕು ಅಂತ ಆದೇಶ ಮಾಡಿತು. ಆ ಜಾಗಕ್ಕ ಈಗ ಬ್ರಷ್ ಕಟರ್ ಬರಾಕ ಹತ್ತೈತಿ.

ಈಗ ಮಷಿನ್ನಿನ ಹುಟ್ಟಿಗೆ ಬರೋಣ. ಹುಲ್ಲುಹಾಸು, ಅಂದ್ರ ಲಾನ್, ಇಂಗ್ಲೆಂಡಿನ ಶ್ರೀಮಂತರ ಶೋಕಿ. ಮೊದಲು ಅದನ್ನ ಕೂಲಿ ಆಳುಗಳು ಉದ್ದ ಹಿಡಿಯ ಕುಡಗೋಲಿನಿಂದ ಕೊಯ್ಯತಿದ್ರು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬವರು ಹುಲ್ಲು ಕತ್ತರಿಸೋ ತಳ್ಳುಗಾಡಿ ಮಾಡಿದ್ರು. ಅವರಿಗೆ ಆ ಉಪಾಯ ಸಿಕ್ಕದ್ದು ಬಟ್ಟಿ ಗಿರಣಿಯೊಳಗ. ಉಣ್ಣಿ ಬಟ್ಟಿಯ ಮ್ಯಾಲಿನ ಜುಂಗು ಸಮ ಮಾಡಾಕ ಒಂದು ಉರುಳಿ ಕತ್ತರಿ ಇರ್ತಿತ್ತು. ಬಟ್ಟಿ ಬೋಳಿಸೋದನ್ನ ನೆಲಕ್ಕ ತಂದ್ರು. ಭಾಗ್ಯನಗರದ, ಇಳಕಲ್ಲಿನ ನೇಕಾರರಿಗೆ ಈ ಮಾತು ಲಗೂನ ತಿಳೀತೈತಿ.

ತಳ್ಳುಗಾಡಿ ಸಪಾಟಿಗೆ ಚಲೋ. ಆದ್ರ ಮರದ ಬುಡಕ್ಕ, ಗೋಡಿ ಮೂಲಿಗೆ ಹೋಗೂದಿಲ್ಲ. ಅಮೆರಿಕದ ಹ್ಯೂಸ್ಟನ್ ಊರಿನ ಜಾರ್ಜ್ ಬ್ಯಾಲಸ್ ಎಂಬವರಿಗೆ ತಮ್ಮ ಅಂಗಳದ ಮರಗಳ ಬುಡದ ಹುಲ್ಲು ತಲಿನೋವಾಗಿತ್ತು. ಕಾರು ತೊಳೆಯೋ ಜಾಗದಾಗ ತಿರುಗೋ ನೈಲಾನ್ ಬ್ರಷ್ ನೋಡಿ, 1971ರಲ್ಲಿ ಒಂದು ತಗಡಿನ ಡಬ್ಬಿಗೆ ತೂತು ಮಾಡಿ, ಮೀನು ಹಿಡಿಯೋ ದಾರ ಪೋಣಿಸಿ, ತಿರುಗೋ ಮೋಟಾರಿಗೆ ಸಿಗಿಸಿದ್ರು. ದಾರ ಜೋರಾಗಿ ತಿರುಗಿದ್ರ ಬಿಗಿಯಾಗಿ ನಿಂತು ಹುಲ್ಲನ್ನ ಹೊಡೆದು ಹರೀತೈತಿ. ಕಲ್ಲಿಗೆ ಬಡಿದ್ರ ದಾರ ಸವೀತೈತಿ, ಲೋಹದ ಬ್ಲೇಡಿನಂಗ ಮುರಿದು ಹಾರೂದಿಲ್ಲ. ಅದಕ್ಕ ವೀಡ್ ಈಟರ್ ಅಂತ ಹೆಸರಿಟ್ಟು ದೊಡ್ಡ ಕಂಪನಿ ಕಟ್ಟಿ, 1977ರಲ್ಲಿ ಎಮರ್ಸನ್ ಕಂಪನಿಗೆ ಮಾರಿದ್ರು. ಆ ಅಂಗಳದಾಗ ಎಮ್ಮಿ ಇರಲಿಲ್ಲ. ಹುಲ್ಲು ತಿನ್ನೋರು ಯಾರೂ ಇಲ್ಲದ ಜಾಗದಾಗ ಹುಟ್ಟಿದ ದಾರ ಅದು.

ಬ್ಲೇಡಿನ ಮಷಿನ್ನಿನ ವಂಶ ಬ್ಯಾರೆ. ಜಪಾನಿನಲ್ಲಿ 1950ರ ದಶಕದಾಗ ಅದನ್ನ ಕಾಡಿನ ಗಿಡಗಂಟಿ ಸವರಾಕ ಬಳಸಿದ್ರು, ಆಮ್ಯಾಲೆ ಭತ್ತದ ಒಡ್ಡಿಗೂ ಬಂತು. ಗಂಗಾವತಿ ಒಡ್ಡಿಗೆ ಇದ ಹತ್ತಿರದ ಸಂಬಂಧಿ.

ಈಗ ಅಂಗಡಿಯೊಳಗ ಈ ಎರಡೂ ವಂಶ ಒಂದ ಕೋಲಿಗೆ ಸೇರ್ಯಾವ. ಹಂಗಾಗಿ ಇಂಜಿನ್ ಒಂದ ತಗೊಂಡ್ರೂ ತಲಿ ಎರಡು ಮೂರು ಇಟ್ಕೋಬೇಕು.

ಲೇಔಟ್, ಲಾನ್, ಗೋಡಿ ಮೂಲಿಗೆ ನೈಲಾನ್ ದಾರ. ಆದ್ರ ದಾರ ಹುಲ್ಲನ್ನ ಪುಡಿ ಮಾಡಿ ಚೆಲ್ಲತೈತಿ, ಕೂಡಿಸಿ ದನಕ್ಕ ಹಾಕಾಕ ಬರೂದಿಲ್ಲ. ದಾರ ಸವೆದ ಚೂರೂ ಅದರೊಳಗ ಬೀಳತಾವ. ಮೇವಿನ ಒಡ್ಡಿಗೆ ದಾರ ಬ್ಯಾಡ. ಒಡ್ಡಿನ ಉದ್ದ ಹುಲ್ಲಿಗೆ ಹಲ್ಲಿನ ಚಕ್ರ ಹಾಕ್ರಿ, ಹುಲ್ಲು ಉದ್ದಕ್ಕ ಮಲಗತೈತಿ, ಹೊರಿ ಕಟ್ಟಾಕ ಬರತೈತಿ. ಜಾಲಿ ಚಿಗುರು, ಪೊದಿಗೆ ಮೂರು ಹಲ್ಲಿನ ಬ್ಲೇಡ್. ದಾಳಿಂಬ್ರಿ ತೋಟದಾಗ ಸಾಲಿನ ನಡುವೆ ಮಾತ್ರ ಓಡಸ್ರಿ. ಸಣ್ಣ ಗಿಡದ ತೊಗಟಿ ತೆಳು, ದಾರಾನೂ ಸುತ್ತ ಸುಲೀತೈತಿ, ಡ್ರಿಪ್ ಪೈಪೂ ಹರೀತೈತಿ. ಬುಡಕ್ಕ ಕುರ್ಚಿಗೀನ ಚಲೋ.

ಕಾಂಗ್ರೆಸ್ ಕಸದ ಕೆಲಸ ಬಾಳ ಸಿಗತೈತಿ. 1955ರ ಸುಮಾರಿಗೆ ಪುಣೆಯಲ್ಲಿ ಕಂಡ ಗಿಡ ಈಗ ಎಲ್ಲಾ ಕಡೆ ಐತಿ. 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ಹುಳ ಬಿಟ್ಟರೂ ಪೂರಾ ಹೋಗಲಿಲ್ಲ. ಅದನ್ನ ಹೂವಿಗೆ ಮುಂಚೆ ಕೊಯ್ಯಬೇಕು, ಬೀಜ ಆದ ಮ್ಯಾಲೆ ಕೊಯ್ದ್ರ ಬಿತ್ತಿದಂಗ. ಮೈ ತುರಿಸತೈತಿ, ತೋಳು ಮುಚ್ಚಿರಲಿ.

ಇಂಜಿನ್ ವಿಚಾರ. ಎರಡು ಸ್ಟ್ರೋಕ್ ಹಗುರ, ಆದ್ರ ಪೆಟ್ರೋಲಿಗೆ ಆಯಿಲ್ ಅಳತಿ ಮಾಡಿ ಕಲಸಬೇಕು. 50ಕ್ಕ 1 ಅಂದ್ರ ಲೀಟರಿಗೆ 20 ಮಿಲಿ, 25ಕ್ಕ 1 ಅಂದ್ರ 40 ಮಿಲಿ. ನಾಲ್ಕು ಸ್ಟ್ರೋಕಿಗೆ ಕಲಸೋ ಕೆಲಸ ಇಲ್ಲ, ಹೋಂಡಾದ 35.8 ಸಿಸಿ ಇಂಜಿನ್ ಅಂಥಾದ್ದು, ತೂಕ ಸ್ವಲ್ಪ ಹೆಚ್ಚು. ದಿನಾ ಬಾಡಿಗಿಗೆ ಓಡಸೋರು ಇಬ್ಬರು ಮೂವರ ಕೈಗೆ ಕೊಡೋರಾದ್ರ ನಾಲ್ಕು ಸ್ಟ್ರೋಕ್ ಚಲೋ, ಕಲಸೋದು ತಪ್ಪಿ ಇಂಜಿನ್ ಹಿಡಿಯೋ ಭಯ ಇಲ್ಲ. ಪ್ಲಗ್, ಕಾರ್ಬೊರೇಟರ್, ಕ್ಲಚ್ ಕೊಪ್ಪಳ ಅಥವಾ ಗಂಗಾವತಿಯಲ್ಲೇ ಸಿಗತಾವೋ ಇಲ್ಲೋ, ರೊಕ್ಕ ಕೊಡೋ ಮುಂಚೆ ಅದನ್ನ ಕೇಳ್ರಿ. ಕನ್ನಡಕ, ಬೂಟು, ಮುಂದಿನ ಗಾರ್ಡ್ ಬಿಟ್ಟು ಓಡಸಬ್ಯಾಡ್ರಿ. 15 ಮೀಟರ್ ಒಳಗ ಮಂದಿ, ದನ ಇರಬಾರದು.

ಕಡೀಗೊಂದು ಮಾತು. ಒಡ್ಡಿನ ಗುತ್ತಿಗಿ ಹಿಡಿಯೋ ಮುಂಚೆ, ಆ ಒಡ್ಡಿನ ಹುಲ್ಲು ಯಾರು ಒಯ್ತಾರ ಅಂತ ವಿಚಾರ ಮಾಡ್ರಿ. ಹೊಲ ಇಲ್ಲದ ಮನಿ ಹೆಣ್ಣುಮಗಳು ದಿನಾ ಒಂದು ಹೊರಿ ಒಯ್ದು ಒಂದು ಎಮ್ಮಿ ಸಾಕ್ತಿರ್ತಾಳ. ನಮಗ ಅದು ಕಸ, ಆಕಿಗೆ ಅದು ಹಾಲಿನ ಲೆಕ್ಕ. ಹಲ್ಲಿನ ಚಕ್ರ ಹಾಕಿ ಕೊಯ್ದು ಬಿಟ್ರ ಹೊಲದ ಮಾಲಕನ ಒಡ್ಡೂ ಸ್ವಚ್ಛ, ನಿಮಗ ಬಾಡಿಗಿ, ಆಕಿಗೆ ಕೊಯ್ದ ಮೇವು. ಅದ ಒಡ್ಡಿಗೆ ದಾರ ಹಾಕಿದ್ರ ಆಕಿ ಎಮ್ಮಿ ಮಾರಬೇಕಾಗತೈತಿ. ನೂರು ರೂಪಾಯಿ ದಾರದ ಸುತ್ತು ತಗೊಳ್ಳೋವಾಗ ಇದೂ ಲೆಕ್ಕದಾಗ ಇರಲಿ.