ಬುತ್ತಿ ಹೊತ್ತವರು

ಯುದ್ಧಕಥನಗಳಲ್ಲಿ ನಾವು ಕತ್ತಿ ಹಿಡಿದವರನ್ನು ಸ್ಮರಿಸುತ್ತೇವೆ. ಬುತ್ತಿ ಹೊತ್ತವರನ್ನು ಮರೆಯುತ್ತೇವೆ. 1944ರ ಸೆಪ್ಟೆಂಬರ್ 19ರಂದು ಹಾಲೆಂಡಿನ ಆರ್ನೆಮ್‌ನಲ್ಲಿ ಸಿಲುಕಿದ್ದ ಬ್ರಿಟಿಷ್ ಪಡೆಗೆ ಸಾಮಗ್ರಿ ಇಳಿಸಲು ಡೇವಿಡ್ ಲಾರ್ಡ್ ಡಕೋಟಾ ವಿಮಾನ ನಡೆಸಿ ಬಂದನು. ಗುಂಡು ತಗುಲಿ ಬಲಗಡೆಯ ಎಂಜಿನು ಹೊತ್ತಿಕೊಂಡಿತು. ಒಳಗೆ ಭೂಸೇನೆಯ ಸರಬರಾಜು ವಿಭಾಗದ ಕಾರ್ಪೊರಲ್ ಫಿಲಿಪ್ ನಿಕ್ಸನ್ ಹಾಗೂ ಮೂವರು ಸಂಗಡಿಗರು ಭಾರದ ಪೆಟ್ಟಿಗೆಗಳನ್ನು ಬಾಗಿಲಿನಿಂದ ಹೊರದೂಡುತ್ತಿದ್ದರು. ಎರಡು ಉಳಿದವು. ಉರಿಯುವ ವಿಮಾನವನ್ನು ಲಾರ್ಡ್ ಮತ್ತೊಮ್ಮೆ ತಿರುಗಿಸಿ ತಂದನು. ಅವರು ಅವನ್ನೂ ದೂಡಿದರು. ಬಳಿಕ ರೆಕ್ಕೆ ಕುಸಿಯಿತು. ಎಂಟು ಮಂದಿಯಲ್ಲಿ ಹ್ಯಾರಿ ಕಿಂಗ್ ಒಬ್ಬನೇ ಬದುಕಿದನು. ಸಾಮಗ್ರಿ ಬಿದ್ದ ನೆಲ ಆಗಲೇ ಶತ್ರುವಶವಾಗಿತ್ತು. ಮೇಲಿದ್ದವರಿಗೆ ಅದು ತಿಳಿದಿರಲಿಲ್ಲ.

1945ರಲ್ಲಿ ಲಾರ್ಡನಿಗೆ ಮರಣೋತ್ತರ ವಿಕ್ಟೋರಿಯಾ ಕ್ರಾಸ್ ಸಂದಿತು. ಅದು ನ್ಯಾಯವೇ. ಆದರೆ ತಿರುಗಿ ಬರುವ ನಿರ್ಧಾರ ಅವನದಾದರೆ, ಅದನ್ನು ನೆರವೇರಿಸಿದ ಕೈಗಳು ಆ ನಾಲ್ವರವು. ಅವರನ್ನೂ ಒಟ್ಟಿಗೆ ನೆನೆಯೋಣವೆಂದಷ್ಟೇ ನನ್ನ ಅರಿಕೆ.